ವೆನಿಸ್‌ನಲ್ಲಿ ಮಕ್ಕಳನ್ನು ಬಿಟ್ಟುಬಿಡಿ

ಹತ್ತು ದಿನದಲ್ಲಿ ಆರು ದೇಶ ತೋರಿಸೋ ಯಾವುದೇ ಪ್ಯಾಕೇಜಿನ ಕರಪತ್ರ ತೆಗೆದು ನೋಡಿ, ಅದರಲ್ಲಿ ಒಂದು ದಿನ ವೆನಿಸ್ ಇದ್ದೇ ಇರುತ್ತೆ. ಬೆಳಿಗ್ಗೆ ಬಸ್ಸು ಟ್ರೊಂಕೆಟ್ಟೊ ಅನ್ನೋ ಪಾರ್ಕಿಂಗ್ ದ್ವೀಪಕ್ಕೆ ತಂದು ಸುರಿಯುತ್ತೆ. ಅಲ್ಲಿಂದ ಬೋಟು, ಸಾನ್ ಮಾರ್ಕೊ ಚೌಕದಲ್ಲಿ ಗ್ರೂಪ್ ಫೋಟೊ, ಗಾಜು ಊದಿ ಕುದುರೆ ಮಾಡಿ ತೋರಿಸೋ ಅಂಗಡಿಯಲ್ಲಿ ಅರ್ಧ ಗಂಟೆ, ಬೇಕಾದವರಿಗೆ ಗೊಂಡೋಲ, ವಾಪಸ್ ಬೋಟು, ವಾಪಸ್ ಬಸ್ಸು, ಊರಾಚೆ ಹೋಟೆಲಿನಲ್ಲಿ ಜೀರಾ ರೈಸು. ಎಲ್ಲಾ ಸೇರಿ ನಾಲ್ಕೈದು ಗಂಟೆ. ಬಂದವರು ‘ವೆನಿಸ್ ಆಯ್ತು’ ಅಂತಾರೆ. ಸರಿಯಾದ ಮಾತೇ. ಸ್ನಾನ ಆಯ್ತು, ತಿಂಡಿ ಆಯ್ತು, ವೆನಿಸ್ ಆಯ್ತು.

ಪ್ಯಾಕೇಜಿನವರನ್ನು ಬೈಯೋದು ಸುಲಭ, ಅವರದ್ದು ಹೊಟ್ಟೆಪಾಡು. ನನ್ನ ಸಿಟ್ಟಿರೋದು ‘ನಾವು ಪ್ಯಾಕೇಜಲ್ಲಿ ಹೋಗಲ್ಲಪ್ಪ, ನಾವೇ ಪ್ಲಾನ್ ಮಾಡ್ಕೋತೀವಿ’ ಅಂತ ಹೊರಟು, ಕೊನೆಗೆ ಅದಕ್ಕಿಂತ ಕಠೋರವಾದ ಪ್ಯಾಕೇಜನ್ನು ತಾವೇ ತಯಾರಿಸೋ ನಮ್ಮಂಥವರ ಮೇಲೆ. ಯುರೋಪಿನಲ್ಲಿ ನೌಕರಿ ಮಾಡ್ತಿರೋ ಪ್ರತಿಯೊಬ್ಬ ಕನ್ನಡಿಗನಿಗೂ ಮಾರ್ಚ್ ಬಂತೆಂದರೆ ಅಕ್ಕ-ಭಾವನ ಎಕ್ಸೆಲ್ ಶೀಟು ಬರುತ್ತೆ. ನನಗೆ ಬಂದ ಶೀಟಿನಲ್ಲಿ ಮ್ಯೂಸಿಯಂಗೆ ಹಸಿರು, ಊಟಕ್ಕೆ ಹಳದಿ, ಹದಿನೈದು ನಿಮಿಷಕ್ಕೊಂದು ಸಾಲು, ಕೊನೇಲಿ ‘ಬಫರ್’ ಅನ್ನೋ ಕಾಲಂ. ವೆನಿಸ್: 9.10ರಿಂದ 2.40. ರಾತ್ರಿ ವಸತಿ ಮೆಸ್ತ್ರೆಯಲ್ಲಿ, ಅಂದರೆ ಸೇತುವೆಯ ಈಚೆಗಿನ ನೆಲದ ಊರಿನಲ್ಲಿ.

“ಭಾವ, ಇದರಲ್ಲಿ ಮಕ್ಕಳು ಏನ್ ಮಾಡ್ತಾರೆ?”

“ಏನ್ ಮಾಡ್ತಾರೆ, ನಮ್ ಜೊತೆ ಬರ್ತಾರೆ.”

ಮಕ್ಕಳು ಅಂದರೆ ಒಬ್ಬಳಿಗೆ ಹದಿನಾರು, ಇನ್ನೊಬ್ಬನಿಗೆ ಹದಿನಾಲ್ಕು.

ನನ್ನ ವಾದ ಇಷ್ಟೇ. ಹದಿಹರೆಯದ ಮಕ್ಕಳನ್ನು ಕರ್ಕೊಂಡು ವೆನಿಸ್‌ಗೆ ಹೋಗೋದಾದರೆ ದ್ವೀಪದ ಒಳಗೇ ಮೂರು ರಾತ್ರಿ ಇರಿ, ಅದರಲ್ಲಿ ಒಂದಿಡೀ ದಿನ ಮಕ್ಕಳನ್ನು ಅವರ ಪಾಡಿಗೆ ಬಿಡಿ. ಆಗಲ್ಲ ಅಂದರೆ ವೆನಿಸ್ ಬೇಡ, ಪ್ಯಾರಿಸ್ ಹತ್ತಿರ ಡಿಸ್ನಿಲ್ಯಾಂಡ್ ಇದೆ. ಅಲ್ಲಿ ಎಲ್ಲರೂ ಒಟ್ಟಿಗೆ ಕ್ಯೂ ನಿಲ್ಲಬಹುದು.

ಯಾಕೆ ಹೇಳ್ತೀನಿ. ಬೆಂಗಳೂರಿನ ಹದಿನಾರು ವರ್ಷದ ಹುಡುಗಿಯೊಬ್ಬಳ ದಿನವನ್ನು ಒಮ್ಮೆ ನೆನೆಸಿಕೊಳ್ಳಿ. ಮನೆ ಬಾಗಿಲಿಗೆ ಕಾಲೇಜು ಬಸ್ಸು, ಕಾಲೇಜಿಂದ ಸಿಇಟಿ ಕೋಚಿಂಗು, ಅಲ್ಲಿಂದ ಅಪ್ಪನ ಕಾರು ಇಲ್ಲಾ ಆ್ಯಪ್‌ನಲ್ಲಿ ಕರೆದ ಆಟೊ. ಅವಳು ಎಲ್ಲಿದ್ದಾಳೆ ಅನ್ನೋದು ಅಮ್ಮನ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ಓಡಾಡ್ತಿರುತ್ತೆ. ಫುಟ್‌ಪಾತಿನ ಮೇಲೆ ಸ್ಕೂಟರು, ರಸ್ತೆ ದಾಟೋದು ಅಂದರೆ ದೇವರ ಹೆಸರು ಹೇಳಿ ಕೈ ತೋರಿಸಿ ಓಡೋದು. ಹಾಗಾಗಿ ತಾನು ಹುಟ್ಟಿ ಬೆಳೆದ ಊರಿನಲ್ಲೇ ಅವಳು ಒಬ್ಬಳೇ ಎರಡು ಕಿಲೋಮೀಟರ್ ನಡೆದಿರೋದು ಅನುಮಾನ. ಇದು ಅವಳ ತಪ್ಪಲ್ಲ, ಅಪ್ಪ-ಅಮ್ಮನ ತಪ್ಪೂ ಅಲ್ಲ ಅನ್ನಿ. ಆದರೆ ಇದೇ ಭಾವ ಹದಿನಾಲ್ಕನೇ ವಯಸ್ಸಿಗೆ ಹಾಸನದ ಬೀದಿಗಳಲ್ಲಿ ಸೀಮೆಎಣ್ಣೆ ಡಬ್ಬ ನೇತುಹಾಕಿಕೊಂಡು ಸೈಕಲ್ ತುಳಿದವರು, ಬಿಟ್ಟ ಸಮಯದಲ್ಲಿ ಸಿನಿಮಾ ಟಾಕೀಸಿನ ಹಿಂದೆ ಅಲೆದವರು. ಊರು ಅನ್ನೋದು ಕಾಲಿಗೆ ಹತ್ತಿದ್ದು ಹಾಗೆ. ಅದು ಮಕ್ಕಳಿಗೆ ಸಿಕ್ಕಿಲ್ಲ.

ಈಗ ವೆನಿಸ್ ನೋಡಿ. ಕಾರು ಪಿಯಾತ್ಸಾಲೆ ರೋಮಾದಲ್ಲಿ ನಿಂತುಬಿಡುತ್ತೆ, ಅದರಾಚೆ ಚಕ್ರದ ವಾಹನ ಇಲ್ಲ. ಬೈಕಿಲ್ಲ, ಆಟೊ ಇಲ್ಲ, ಸೈಕಲ್ ಕೂಡ ತುಳಿಯೋ ಹಾಗಿಲ್ಲ. (ಕಾಲುವೆ ಊರೇ ಬೇಕು ಅಂದ್ರೆ ಆಮ್‌ಸ್ಟರ್‌ಡ್ಯಾಮ್ ಇಲ್ವಾ ಅಂತೀರಿ. ಇದೆ, ಚೆಂದದ ಊರು. ಆದರೆ ಅಲ್ಲಿ ಮೊದಲ ಒಂದು ದಿನ ಸೈಕಲ್ಲಿಗೆ ಅಡ್ಡ ಬರದೆ ಇರೋದನ್ನು ಕಲಿಯೋಕೇ ಬೇಕು.) ಆ್ಯಂಬುಲೆನ್ಸು ದೋಣಿ, ಕಸದ ಗಾಡಿ ದೋಣಿ, ಕೊರಿಯರು ದೋಣಿ, ಹೆಣ ಹೋಗೋದೂ ದೋಣಿಯಲ್ಲೇ. ಈ ತುದಿಯಿಂದ ಆ ತುದಿಗೆ ಸುಮಾರು ಒಂದು ಗಂಟೆಯ ನಡಿಗೆ. ದಾರಿ ತಪ್ಪಿದರೆ ಹೆಚ್ಚೆಂದರೆ ನೀರು ಸಿಗುತ್ತೆ, ಊರು ಬಿಟ್ಟು ಹೋಗೋದಕ್ಕಂತೂ ಆಗಲ್ಲ. ದಾರಿ ತಪ್ಪಿಯೇ ತಪ್ಪುತ್ತೆ, ಅದು ಬೇರೆ ಮಾತು. ಗಲ್ಲಿಗಳು ಎಷ್ಟು ಕಿರಿದೆಂದರೆ ಫೋನಿನ ಚುಕ್ಕೆ ಪಕ್ಕದ ಗಲ್ಲಿಗೆ ಹಾರಿ ಕೂತಿರುತ್ತೆ. ಮನೆ ನಂಬರು ಬೀದಿಗಲ್ಲ, ಇಡೀ ಬಡಾವಣೆಗೆ. ಊರಿಗೆ ಆರು ಬಡಾವಣೆ, ಒಂದೊಂದರಲ್ಲೂ ನಂಬರು ಸಾವಿರಗಟ್ಟಲೆ ಓಡುತ್ತೆ. ‘ಕ್ಯಾಸ್ಟೆಲ್ಲೊ 4 ಸಾವಿರದ ಇಷ್ಟು’ ಅಂತ ವಿಳಾಸ ಕೊಟ್ಟರೆ ಅಂಚೆಯವನಿಗೆ ಮಾತ್ರ ಗೊತ್ತು. ಉಳಿದವರಿಗೆ ಗೋಡೆ ಮೇಲಿನ ಹಳದಿ ಫಲಕಗಳೇ ಗತಿ: ರಿಯಾಲ್ಟೊ ಆ ಕಡೆ, ಸಾನ್ ಮಾರ್ಕೊ ಈ ಕಡೆ. ಕೆಲವು ಕಡೆ ಎರಡೂ ಬಾಣ ಒಂದೇ ಊರಿನ ಹೆಸರು ಹೇಳಿ ಬೇರೆ ಬೇರೆ ದಿಕ್ಕು ತೋರಿಸ್ತಾವೆ, ಎರಡೂ ಸರಿಯೇ.

ಹದಿನಾಲ್ಕು ವರ್ಷದ ಹುಡುಗನಿಗೆ ಇದಕ್ಕಿಂತ ಒಳ್ಳೆ ಆಟ ಯಾವುದಿದೆ? ಅವನ ಕಾಲಿಗೆ ಇಡೀ ಒಂದು ಪಟ್ಟಣ ಸಿಕ್ಕಿದೆ. ಗುದ್ದೋ ವಾಹನ ಒಂದೂ ಇಲ್ಲ. ಇಂಥ ಜಾಗಕ್ಕೆ ಅಷ್ಟು ಲಕ್ಷ ಸುರಿದು ಕರ್ಕೊಂಡು ಹೋಗಿ, ಅಲ್ಲೂ ಅವನ ರಟ್ಟೆ ಹಿಡಿದು ‘ಬಾ ಬಾ, 11.25ಕ್ಕೆ ಬ್ರಿಜ್ ಆಫ್ ಸೈಸ್’ ಅಂತ ಎಳೆಯೋದು ಅನ್ಯಾಯ ಅಲ್ವೇನ್ರಿ?

ಇನ್ನೊಂದು ವಿಷಯ ಇದೆ. ಅಪ್ಪ-ಅಮ್ಮ ಹೊರಟಿರೋ ವೆನಿಸ್ ಬೇರೆ, ಮಕ್ಕಳು ಹೊರಟಿರೋ ವೆನಿಸ್ ಬೇರೆ. ನಮ್ಮ ಹಿರಿಯರಿಗೆ ವೆನಿಸ್ ಅಂದರೆ 1979ರ ‘ದಿ ಗ್ರೇಟ್ ಗ್ಯಾಂಬ್ಲರ್’, ಗೊಂಡೋಲದಲ್ಲಿ ಅಮಿತಾಭ್ ಮತ್ತು ಜೀನತ್ ಅಮಾನ್. ಆ ಹಾಡು ನೋಡಿಯೇ ಈ ಊರು ತಲೆಯಲ್ಲಿ ಕೂತಿದ್ದು. ಮಗನಿಗೆ ವೆನಿಸ್ ಅಂದರೆ ‘ಅಸ್ಸಾಸಿನ್ಸ್ ಕ್ರೀಡ್ 2’ ಗೇಮಿನಲ್ಲಿ ಹತ್ತಿ ಹಾರಿದ ಹೆಂಚಿನ ಮಾಡುಗಳು, ಮಗಳಿಗೆ 2019ರ ಸ್ಪೈಡರ್‌ಮ್ಯಾನ್ ಸಿನಿಮಾದಲ್ಲಿ ಸ್ಕೂಲ್ ಟ್ರಿಪ್ಪಿಗೆ ಹೋದ ಪೀಟರ್ ಪಾರ್ಕರ್. ಮೂರೂ ಸುಳ್ಳು ವೆನಿಸ್‌ಗಳೇ ಬಿಡಿ. ಆದರೆ ಶೀಟಿನಲ್ಲಿ ಅಪ್ಪನ ಸುಳ್ಳಿಗೆ ಮಾತ್ರ ಸಾಲು ಇರುತ್ತೆ, ಅದೂ 90 ಯುರೋದ ಸಾಲು. ಗೊಂಡೋಲಕ್ಕೆ ಊರಿನವರೇ ನಿಗದಿ ಮಾಡಿರೋ ಹಗಲಿನ ದರ ಅದು, ಅರ್ಧ ಗಂಟೆಗೆ. ಆ ಅರ್ಧ ಗಂಟೆಯಲ್ಲಿ ಮಕ್ಕಳಿಬ್ಬರೂ ಫೋನ್ ನೋಡ್ತಾ ಕೂತರೆ ‘ಈಗಿನ ಮಕ್ಕಳಿಗೆ ಯಾವುದರಲ್ಲೂ ಆಸಕ್ತಿ ಇಲ್ಲ’ ಅನ್ನೋ ಭಾಷಣ ಬೇರೆ. ಆಸಕ್ತಿ ಇದೆ ಸ್ವಾಮಿ, ನಿಮ್ಮ ಹಾಡಿನಲ್ಲಿ ಇಲ್ಲ, ಅಷ್ಟೇ. ದೋಣಿ ಹತ್ತಿದ ಹಾಗೆ ಆಗಬೇಕು ಅಂದರೆ ಟ್ರಾಗೆಟ್ಟೊ ಇದೆ. ದೊಡ್ಡ ಕಾಲುವೆಯನ್ನು ಈ ದಡದಿಂದ ಆ ದಡಕ್ಕೆ ದಾಟಿಸೋ ಗೊಂಡೋಲದಂಥದ್ದೇ ದೋಣಿ, ನಮ್ಮಂಥವರಿಗೆ ತಲೆಗೆ 2 ಯುರೋ. ಉಳಿದ ದುಡ್ಡಲ್ಲಿ ಮಕ್ಕಳಿಗೆ ಹುಟ್ಟು ಹಾಕೋದು ಕಲಿಸಿ. ನಿಂತುಕೊಂಡು, ಮುಂದೆ ನೋಡ್ತಾ ಹುಟ್ಟು ಹಾಕೋ ಅಲ್ಲಿನ ಪದ್ಧತಿಯನ್ನು ಗಂಟೆ-ಒಂದೂವರೆ ಗಂಟೆಯ ಪಾಠದಲ್ಲಿ ಹೇಳಿಕೊಡೋ ಹೆಂಗಸರ ಗುಂಪೇ ಇದೆ.

‘ಕಳ್ಳಕಾಕರು ಇದ್ರೆ?’ ಅಂತ ಅಕ್ಕ ಕೇಳಿದಳು. ಇದ್ದಾರೆ. ಜೇಬುಗಳ್ಳರು ರಿಯಾಲ್ಟೊ ಸೇತುವೆ ಮೇಲೂ ಇದ್ದಾರೆ, ನೀರು ಬಸ್ಸಿನ ನೂಕುನುಗ್ಗಲಲ್ಲೂ ಇದ್ದಾರೆ. ಪಾಸ್‌ಪೋರ್ಟ್ ರೂಮಲ್ಲಿ ಇಡಿ, ಫೋನು ಹಿಂದಿನ ಜೇಬಲ್ಲಿ ಬೇಡ, ತುರ್ತು ನಂಬರು 112 ಬಾಯಿಪಾಠ ಆಗಿರಲಿ. ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರಿಗೆ ಇದಕ್ಕಿಂತ ಹೆಚ್ಚು ಹೇಳೋದೇನಿದೆ? ನೀರಿಗೆ ಬಿದ್ದರೆ? ಕಟ್ಟೆಗೆ ಹೆಚ್ಚಿನ ಕಡೆ ಕಂಬಿ ಇಲ್ಲ ನಿಜ. ಅವರೇನು ಎರಡು ವರ್ಷದ ಕೂಸುಗಳಲ್ಲ. ಬೇಕಂತಲೇ ಕಾಲುವೆಗೆ ಹಾರಿ ಈಜಿದರೆ ದೊಡ್ಡ ದಂಡ ಬೀಳುತ್ತೆ, ಅದನ್ನು ಮೊದಲೇ ಹೇಳಿ.

ದುಡ್ಡಿನ ಮಾತಿಗೆ ಬರೋಣ, ಅಸಲು ತಕರಾರು ಅದೇ. ಮೆಸ್ತ್ರೆ ಅಗ್ಗ, ದ್ವೀಪ ದುಬಾರಿ, ಒಪ್ಪಿದೆ. ಆದರೆ ಲೆಕ್ಕ ಪೂರ್ತಿ ಹಾಕಿ. ಪೀಸಾ ಗೋಪುರಕ್ಕೆ ಕೈ ಒತ್ತಿ ಹಿಡಿದ ಫೋಟೊಗೋಸ್ಕರ ಇಟ್ಟಿರೋ ದಿನ ಕಿತ್ತುಹಾಕಿ. ಹಿಮ ನೋಡೋಕೆ ಅಂತ ಸ್ವಿಟ್ಜರ್ಲೆಂಡಿನಲ್ಲಿ ಎರಡೆರಡು ಬೆಟ್ಟ ಬುಕ್ ಮಾಡಿದ್ದೀರಲ್ಲ, ಒಂದು ಸಾಕು. ಹಿಮ ಅಲ್ಲೂ ಬಿಳಿಯೇ, ಇಲ್ಲೂ ಬಿಳಿಯೇ. ಸಾನ್ ಮಾರ್ಕೊ ಸುತ್ತ ಬಿಟ್ಟು ಕಾನ್ನರೇಜೊ, ಕ್ಯಾಸ್ಟೆಲ್ಲೊ ಕಡೆ ಹುಡುಕಿ. ಸಣ್ಣ ಹೋಟೆಲುಗಳಿವೆ, ಕಾನ್ವೆಂಟುಗಳು ನಡೆಸೋ ಅತಿಥಿಗೃಹಗಳಿವೆ. ನೀರು ಬಸ್ಸಿನ ಟಿಕೀಟು 75 ನಿಮಿಷಕ್ಕೆ 9.50 ಯುರೋ, ನಾಲ್ಕು ಜನ ಒಂದು ಸಲ ಹತ್ತಿ ಇಳಿದರೆ 38. ಅದರ ಬದಲು ಮೂರು ದಿನದ ಪಾಸು 45 ಯುರೋ. ಆರರಿಂದ ಇಪ್ಪತ್ತೊಂಬತ್ತು ವರ್ಷದವರು ರೋಲಿಂಗ್ ವೆನಿಸ್ ಅನ್ನೋ 6 ಯುರೋದ ಕಾರ್ಡು ಮಾಡಿಸಿದರೆ ಅದೇ ಪಾಸು 27ಕ್ಕೆ. (ಇದೆಲ್ಲ 2025ರ ದರ, ಹೊರಡೋ ಮುಂಚೆ ಮತ್ತೊಮ್ಮೆ ನೋಡ್ಕೊಳ್ಳಿ.) ನಾಲ್ಕು ಗಂಟೆ ಇರೋರು ಈ ಪಾಸು ಕೊಳ್ಳೋಕಾಗಲ್ಲ, ಎಲ್ಲಕ್ಕೂ ಬಿಡಿ ದರ ತೆತ್ತು ಊರನ್ನು ಬೈಕೊಂಡು ಹೋಗ್ತಾರೆ.

ಊರೂ ಅವರನ್ನು ಬೈತಿದೆ ಅನ್ನೋದು ನೆನಪಿರಲಿ. 2024ರ ಏಪ್ರಿಲ್ 25ರಿಂದ, ರಾತ್ರಿ ಉಳಿಯದೆ ಬಂದು ಹೋಗೋರಿಗೆ ವೆನಿಸ್ ಪ್ರವೇಶ ಶುಲ್ಕ ಹಾಕಿತು. ಆ ವರ್ಷ 29 ದಿನ, ತಲೆಗೆ 5 ಯುರೋ. 2025ರಲ್ಲಿ 54 ದಿನ, ಕೊನೇ ಗಳಿಗೆಯಲ್ಲಿ ಬುಕ್ ಮಾಡಿದರೆ 10. ರಾತ್ರಿ ಉಳಿಯೋರಿಗೆ ಈ ಶುಲ್ಕ ಇಲ್ಲ, ಅವರು ಹೋಟೆಲಿನಲ್ಲಿ ಬೇರೆ ತೆರಿಗೆ ಕಟ್ತಾರೆ. ಶುಲ್ಕ ಹಾಕಿದ್ದಕ್ಕೆ ‘ದುರಾಸೆ’ ಅಂದವರುಂಟು. 1951ರಲ್ಲಿ ಆ ಹಳೆಯ ಊರಿನಲ್ಲಿ ಸುಮಾರು 1.75 ಲಕ್ಷ ಜನ ಇದ್ದರು, 2022ರಲ್ಲಿ 50 ಸಾವಿರಕ್ಕಿಂತ ಕೆಳಗಿಳಿದರು. ರಿಯಾಲ್ಟೊ ಪಕ್ಕದ ಸಾನ್ ಬಾರ್ತೊಲೊಮಿಯೊ ಚೌಕದಲ್ಲಿ ಒಂದು ಔಷಧಿ ಅಂಗಡಿ ಇದೆ, ಅದರ ಕಿಟಕಿಯಲ್ಲಿ ಊರಿನ ಉಳಿದ ಜನಸಂಖ್ಯೆಯನ್ನು ಅಂಕೆ ಬೋರ್ಡಿನಲ್ಲಿ ಹಾಕಿಟ್ಟಿದ್ದಾರೆ. ನಿಮ್ಮ ಶೀಟಿನಲ್ಲಿ ಅದಿಲ್ಲ. ಮಕ್ಕಳಿಗೆ ‘ಹೋಗಿ ಆ ನಂಬರು ನೋಡ್ಕೊಂಡು ಬನ್ನಿ’ ಅಂತ ಹೇಳಿ ಕಳಿಸಿ. ಬಾಡಿಗೆ ಫ್ಲ್ಯಾಟು ಬೇಡ, ಹೋಟೆಲು ನೋಡಿ ಅನ್ನೋದೂ ಇದಕ್ಕೇ. ಮನೆಗಳೆಲ್ಲ ಪ್ರವಾಸಿಗಳ ಫ್ಲ್ಯಾಟಾಗಿ ಹೋಗೋದು ಆ ಅಂಕೆ ಇಳಿಯೋಕೆ ಒಂದು ಕಾರಣ.

ನೀರಿನ ಕಥೆಯನ್ನೂ ಮಕ್ಕಳೇ ಕೆದಕಲಿ. 1966ರ ನವೆಂಬರ್ 4ರಂದು ನೀರು 194 ಸೆಂಟಿಮೀಟರಿಗೆ ಏರಿತ್ತು, 2019ರ ನವೆಂಬರಿನಲ್ಲಿ 187ಕ್ಕೆ. ಮರುವರ್ಷದ ಅಕ್ಟೋಬರ್ 3ರಂದು ಮೊದಲ ಸಲ, ಸಮುದ್ರದ ಬಾಯಿಗೆ ಅಡ್ಡ ಹಾಕಿರೋ ಮೋಸೆ ಅನ್ನೋ 78 ಉಕ್ಕಿನ ಬಾಗಿಲುಗಳನ್ನು ಎತ್ತಿ ಅಲೆಯನ್ನು ತಡೆದರು. ರಾಜಕಾಲುವೆ ಉಕ್ಕಿ ಹೊರವರ್ತುಲ ರಸ್ತೆಯಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ 2022ರ ಸೆಪ್ಟೆಂಬರನ್ನು ಕಂಡ ಮನೆಯ ಮಕ್ಕಳಿಗೆ ಇದು ಪರದೇಶದ ವಿಚಾರ ಅನ್ನಿಸಲಾರದು. ಚರಿತ್ರೆ ಬೇಕೇ ಬೇಕು ಅನ್ನೋ ಅಪ್ಪಂದಿರಿಗೆ ನಮ್ಮದೇ ಒಂದು ಎಳೆ ಇದೆ. ಈ ಲಗೂನಿನ ದಕ್ಷಿಣ ತುದಿಯ ಕಿಯೊಜ್ಜಾದ ವರ್ತಕ ನಿಕೊಲೊ ಕೊಂಟಿ, 1420ರ ಸುಮಾರಿಗೆ ವಿಜಯನಗರ ನೋಡಿದವನು. ಕಾಲು ಶತಮಾನ ತಿರುಗಿ ಊರಿಗೆ ವಾಪಸಾದ. ಅವನ ಎಕ್ಸೆಲ್ ಶೀಟು ಸಿಕ್ಕಿಲ್ಲ.

ಊಟದ ಬಗ್ಗೆ ಎರಡೇ ಮಾತು. ಸಸ್ಯಾಹಾರಿಗಳು ಉಪವಾಸ ಬೀಳಲ್ಲ. ಮರಿನಾರಾ ಪಿಜ್ಜಾದಲ್ಲಿ ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ ಬಿಟ್ಟು ಬೇರೇನಿಲ್ಲ. ಕಪ್ಪು ಬಣ್ಣದ ಪಾಸ್ತಾ ಕಂಡರೆ ಅದು ಮೀನಿನ ಬಳಗದ ಮಸಿ, ದೂರ ಇರಿ. ಪುಳಿಯೋಗರೆ ಗೊಜ್ಜು, ಎಲೆಕ್ಟ್ರಿಕ್ ಕೆಟಲ್ಲು ಒಯ್ಯಬೇಡಿ ಅಂದ್ರೂ ನೀವು ಕೇಳಲ್ಲ. ಒಯ್ಯಿರಿ.

ಮೂರು ರಾತ್ರಿ ಯಾಕೆ ಬೇಕು ಅಂದರೆ, ಮೊದಲನೇ ಸಂಜೆಗೋಸ್ಕರ. ದಿನದ ಜನ ಬಸ್ಸು-ರೈಲು ಹತ್ತಿ ಹೋದಮೇಲೆ ಊರು ತನ್ನವರಿಗೆ ವಾಪಸ್ ಸಿಗುತ್ತೆ. ಚೌಕಗಳಲ್ಲಿ ಅಲ್ಲಿಯ ಹುಡುಗರು ಬಾವಿಕಟ್ಟೆಯನ್ನೇ ಗೋಲು ಮಾಡ್ಕೊಂಡು ಚೆಂಡು ಒದೀತಿರ್ತಾರೆ, ಅಜ್ಜಿಯರು ತಳ್ಳೋ ಬ್ಯಾಗು ಎಳ್ಕೊಂಡು ಸೇತುವೆ ಇಳೀತಿರ್ತಾರೆ. ಆಗ ಹೋಟೆಲಿನ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟು, ಕೈಯಲ್ಲಿ 10 ಯುರೋ ಇಟ್ಟು, ಅಕ್ಕ-ತಮ್ಮ ಇಬ್ಬರನ್ನೂ ಕಾಫಿಗೆ ಹಾಲು ತರೋಕೆ ಕಳಿಸಿ. ಊರಲ್ಲಿ ಹಾಲು ಹತ್ತು ನಿಮಿಷಕ್ಕೆ ಆ್ಯಪ್‌ನಲ್ಲಿ ಬರುತ್ತೆ, ಅವರು ಅಂಗಡಿಗೆ ಹೋಗಿ ತಂದವರಲ್ಲ. ಅರ್ಧ ಗಂಟೆ ತಡವಾದರೆ ಫೋನ್ ಮಾಡಬೇಡಿ. ಪೊಟ್ಟಣದ ಮೇಲೆ ‘ಲಾತ್ತೆ’ ಅಂತ ಇರುತ್ತೆ ಅಂತ ಮಾತ್ರ ಹೇಳಿ ಕಳಿಸಿ. ಇಟಲಿಯಲ್ಲಿ ಅದು ಕಾಫಿ ಅಲ್ಲ, ಬರೀ ಹಾಲು.