ಅಡುಗೂಲಜ್ಜಿಯ ಮೇಲೇಕೆ ಸಿಟ್ಟು?

ಲೋಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ ಮಾಡಿದ ‘ರಾಜಕುಮಾರ ಅಹ್ಮದನ ಸಾಹಸಗಳು’ 1926ರ ಚಿತ್ರ. ಇದು ಅದರ ನೂರನೆಯ ವರ್ಷ. ಡಿಸ್ನಿಯ ‘ಸ್ನೋವೈಟ್’ಗಿಂತ ಹನ್ನೊಂದು ವರ್ಷ ಹಿರಿದು. ಶಿರಸಿಯಲ್ಲಿ ಒಂದು ಪ್ರದರ್ಶನ ಇಟ್ಟುಕೊಳ್ಳೋಣವೆಂದರೆ ವಿಚಾರವಂತ ಮಿತ್ರರಿಗೆ ಮುಜುಗರ: “ಅದು ಮಕ್ಕಳ ಸಿನಿಮಾ ಅಲ್ಲವೇ?” ‘ಬೈಸಿಕಲ್ ಥೀವ್ಸ್’ ಆದರೆ ಬರುತ್ತಾರೆ, ಎಷ್ಟನೆಯ ಸಲವಾದರೂ ಸರಿ.

ಇನ್ನು ಕೆಲವರು ಚಲನಚಿತ್ರ ವಿಮರ್ಶಕ ಕ್ರಾಕವರ್ ಹೆಸರೆತ್ತಿ ಹೆದರಿಸುತ್ತಾರೆ. ಮಂತ್ರವಾದಿ, ಪಿಶಾಚಿಗಳ ಆ ಕಾಲದ ಜರ್ಮನ್ ಮೂಕಿಚಿತ್ರಗಳಲ್ಲಿ ಹಿಟ್ಲರನ ಮುನ್ಸೂಚನೆಯಿತ್ತು ಎಂದು ಆತ 1947ರಲ್ಲಿ ಬರೆದದ್ದು ನಿಜ. ಆದರೆ ‘ನಿಬೆಲುಂಗೆನ್’ ತೆಗೆದ ಫ್ರಿಟ್ಸ್ ಲಾಂಗ್ ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟರು, ರೈನಿಗರ್ ಬಿಟ್ಟರು. ‘ಗೋಲೆಮ್’ನ ಪೌಲ್ ವೆಗೆನರ್ ಅಲ್ಲೇ ಉಳಿದು ನಾಜಿಗಳ ‘ಕೋಲ್‌ಬರ್ಗ್’ವರೆಗೂ ಬಣ್ಣ ಹಚ್ಚಿದರು. ದೋಷ ಕಥೆಯದಾಗಿದ್ದರೆ ಮೂವರೂ ಒಂದೇ ದಾರಿ ಹಿಡಿಯಬೇಕಿತ್ತಲ್ಲ?

ಕುವೆಂಪು ಬೊಮ್ಮನಹಳ್ಳಿಗೆ ಕರೆತಂದ ಕಿಂದರಿಜೋಗಿಯನ್ನೇ ವೆಗೆನರ್ 1918ರಲ್ಲಿ ತೆರೆಗೆ ತಂದಿದ್ದರು. ಜೀವಂತ ಇಲಿಗಳು ಮಾತು ಕೇಳಲಿಲ್ಲ. ಮರದ ಇಲಿ ಮಾಡಿಸಿ, ಚೂರು ಚೂರೇ ಸರಿಸಿ, ಒಂದೊಂದೇ ಚಿತ್ರ ತೆಗೆದು ಓಡಿಸಿದರು. ಆ ಇಲಿಗಳನ್ನು ಸರಿಸಲು ಕೂತ ಹುಡುಗಿಯೇ ರೈನಿಗರ್. ಕುವೆಂಪು ಬರೆದರೆ ಪಠ್ಯ, ಕಾರ್ನಾಡರು ‘ನಾಗಮಂಡಲ’ ಮಾಡಿದರೆ ಆಧುನಿಕ ರಂಗಭೂಮಿ. ಅಂಥದೇ ಕಥೆಗಳನ್ನು ಎಲ್.ಆರ್. ಹೆಗಡೆ, ಎನ್.ಆರ್. ನಾಯಕರು ನಮ್ಮ ಜಿಲ್ಲೆಯ ಅಜ್ಜಿಯರ ಬಾಯಿಂದ ಬರೆದುಕೊಂಡರೆ ಮಾತ್ರ ಅಡುಗೂಲಜ್ಜಿ ಕಥೆ!

ಈ ಸೀಮೆಗೆ ಅದ್ಭುತವನ್ನು ಹೊರಗಿನವರು ಕಲಿಸಬೇಕಿಲ್ಲ. ಇಬ್ಬರು ಹಿಡಿದ ತೆರೆಯ ಮೇಲೆ ಕಿರೀಟದ ತುದಿಯಷ್ಟೇ ಕಂಡು, ಅಬ್ಬರ ಕೇಳಿ, ಚಂಡೆ ಏರಿ, ಕೊನೆಗೊಮ್ಮೆ ರಾಕ್ಷಸ ಪೂರ್ತಿ ಕಾಣುವ ಯಕ್ಷಗಾನದ ಒಡ್ಡೋಲಗವಿದೆಯಲ್ಲ, ವೆಗೆನರರ 1920ರ ಚಿತ್ರದಲ್ಲಿ ಮಣ್ಣಿನ ಗೋಲೆಮ್ ಕಣ್ಣು ತೆರೆಯುವ ದೃಶ್ಯಕ್ಕೆ ಅದು ಯಾವುದರಲ್ಲೂ ಕಡಿಮೆಯಿಲ್ಲ. ಕಾಲಮಿತಿಯ ಆಟದಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ. ಶಿರಸಿ, ಸಿದ್ದಾಪುರ, ಯಲ್ಲಾಪುರ ಎಲ್ಲಿ ಹೋದರೂ ಇದೇ ಹಣೆಬರಹ: ನಡುವಿನ ಸನ್ಮಾನಕ್ಕೆ, ಶಾಲು-ಹಾರ-ಫಲತಾಂಬೂಲಕ್ಕೆ, ಅಧ್ಯಕ್ಷರ ಭಾಷಣಕ್ಕೆ ತಾಸುಗಟ್ಟಲೆ ಸಮಯವಿದೆ, ರಾಕ್ಷಸನಿಗೆ ಐದು ನಿಮಿಷವಿಲ್ಲ. ಕಲೆ ಉಳಿಸಿ ಎಂದು ಕರೆ ಕೊಡುವವರೂ ಅದೇ ಭಾಷಣಕಾರರು.



ಅಹ್ಮದನ ಚಿತ್ರ ಒಂದು ತಾಸಿಗಿಂತ ತುಸುವೇ ಉದ್ದ. ಸಂಘಟಕ ಮಹನೀಯರು ದೊಡ್ಡ ಮನಸ್ಸು ಮಾಡಿ ಈ ವರ್ಷ ಒಂದೇ ಒಂದು ಸನ್ಮಾನ ಕಡಿಮೆ ಮಾಡಲಿ. ಪರದೆ ನಾವೇ ತರುತ್ತೇವೆ.