ಲಿಂಕನ್ ಬರೆಯದ ಪತ್ರವನ್ನು ಗೋಡೆಯಿಂದ ಇಳಿಸಿ, ಬರೆದದ್ದನ್ನು ಮಕ್ಕಳಿಗೆ ಕೊಡಿ

ಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ, ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ, ಮಕ್ಕಳ ತಂದೆತಾಯಂದಿರಲ್ಲಿ ನನ್ನದೊಂದು ವಿನಂತಿ. ನಿಮ್ಮ ಶಾಲೆಯ ವರಾಂಡದಲ್ಲೋ ಸ್ಟಾಫ್ ರೂಮಿನಲ್ಲೋ 'ಮಗನ ಶಿಕ್ಷಕರಿಗೆ ಅಬ್ರಹಾಂ ಲಿಂಕನ್ ಬರೆದ ಪತ್ರ' ಎಂಬ ಫಲಕವಿದ್ದರೆ ದಯವಿಟ್ಟು ಅದನ್ನು ಇಳಿಸಿ. ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಯಲ್ಲಿ ಅದನ್ನು ಓದುವ ರೂಢಿಯಿದ್ದರೆ ಈ ವರ್ಷದಿಂದ ಬಿಡಿ. ಆ ಪತ್ರವನ್ನು ಲಿಂಕನ್ ಬರೆದೇ ಇಲ್ಲ.

ಬಹಳ ಮಂದಿ ಆ ಪತ್ರವನ್ನು ಮನಸಾರೆ ಮೆಚ್ಚಿಕೊಂಡಿದ್ದಾರೆ, ನನಗೆ ಗೊತ್ತು. ಆದರೆ ಪುರಾವೆ ಎಲ್ಲೂ ಇಲ್ಲ. ಲಿಂಕನ್ನರ ಪತ್ರ, ಭಾಷಣ, ಚೀಟಿಗಳನ್ನು ರಾಯ್ ಬ್ಯಾಸ್ಲರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಹುಡುಕಿ ಕಲೆಹಾಕಿ 1953ರಲ್ಲಿ ಎಂಟು ಸಂಪುಟಗಳಾಗಿ ತಂದರು. ಅದರಲ್ಲಿ ಈ ಪತ್ರವಿಲ್ಲ. ಹಿರಿಯ ಮಗ ರಾಬರ್ಟ್ ತಂದೆಯ ಕಾಗದಪತ್ರಗಳನ್ನೆಲ್ಲ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಒಪ್ಪಿಸಿ, ತಾನು ಸತ್ತು 21 ವರ್ಷ ಆಗುವವರೆಗೆ ತೆರೆಯಬಾರದೆಂದು ಷರತ್ತು ಹಾಕಿದ್ದರು. 1947ರಲ್ಲಿ ಅವೂ ತೆರೆದವು. ಅಲ್ಲಿಯೂ ಇಲ್ಲ. ಇನ್ನು ಯಾವ ಮಗನ ಶಿಕ್ಷಕರಿಗೆ ಬರೆದದ್ದು? ಲಿಂಕನ್ ಅಧ್ಯಕ್ಷರಾಗುವ ಹೊತ್ತಿಗೆ ರಾಬರ್ಟ್ ಹಾರ್ವರ್ಡ್ ಸೇರಿಯಾಗಿತ್ತು. ಎರಡನೆಯವನು ಎಡ್ಡಿ 1850ರಲ್ಲೇ ತೀರಿಕೊಂಡಿದ್ದ, ಮೂರನೆಯವನು ವಿಲಿ 1862ರಲ್ಲಿ. ಉಚ್ಚಾರಣೆಯ ತೊಂದರೆಯಿದ್ದ ಕಿರಿಯವನು ಟ್ಯಾಡ್ ಶ್ವೇತಭವನದಲ್ಲಿದ್ದಾಗ ಶಾಲೆಗೆ ಹೋದವನೇ ಅಲ್ಲ. 1865ರ ಏಪ್ರಿಲ್‌ನಲ್ಲಿ ಅಪ್ಪ ಗುಂಡಿಗೆ ಬಲಿಯಾದಾಗ ಹನ್ನೆರಡು ವರ್ಷದ ಆ ಹುಡುಗನಿಗೆ ಓದಲು ಬರೆಯಲು ಸರಿಯಾಗಿ ಬರುತ್ತಿರಲಿಲ್ಲ.

ಯಾರು ಬರೆದರೇನು, ಮಾತು ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ಮಾತು ಒಳ್ಳೆಯದಿದ್ದರೆ ಲಿಂಕನ್ನರ ಹೆಸರು ತೆಗೆದು ಬರೆಯಿರಿ, ನನ್ನ ತಕರಾರಿಲ್ಲ. ಆದರೆ ಮೋಸ ಮಾಡಿ ಗೆಲ್ಲುವುದಕ್ಕಿಂತ ಸೋಲುವುದು ಮೇಲು ಎಂದು ಹೇಳುವ ಪತ್ರವನ್ನೇ ಸುಳ್ಳು ಸಹಿಯ ಕೆಳಗೆ ತೂಗುಹಾಕಿ ಮಕ್ಕಳ ಕೈಲಿ ಬಾಯಿಪಾಠ ಮಾಡಿಸುವುದು ಸರಿಯಲ್ಲ. ನನ್ನ ದೊಡ್ಡ ಸಂಕಟ ಇನ್ನೊಂದಿದೆ. ಈ ನಕಲಿ ಪತ್ರದ ಭರಾಟೆಯಲ್ಲಿ ಅಸಲಿ ಪತ್ರಗಳು ನಮ್ಮ ಮಕ್ಕಳ ಕೈ ಸೇರಲೇ ಇಲ್ಲ.

1860ರ ಜುಲೈ 22ರಂದು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕುಳಿತು ಲಿಂಕನ್ ಬರೆದ ಪತ್ರವನ್ನೇ ತೆಗೆದುಕೊಳ್ಳಿ. ಆಗ ಅವರು ಅಧ್ಯಕ್ಷ ಪದವಿಯ ಅಭ್ಯರ್ಥಿ. ರಾಬರ್ಟ್‌ನ ಗೆಳೆಯ ಜಾರ್ಜ್ ಲೇಥಮ್ ಹಾರ್ವರ್ಡ್‌ನ ಪ್ರವೇಶ ಪರೀಕ್ಷೆಯಲ್ಲಿ ಫೇಲಾದ ಸುದ್ದಿ ಮಗನ ಕಾಗದದಿಂದ ತಿಳಿಯಿತು. ಮರುದಿನವೇ ಆ ಹುಡುಗನಿಗೆ ಬರೆದರು. ಇದನ್ನು ಕೇಳಿ ನನಗಾದಷ್ಟು ನೋವು ಜೀವನದಲ್ಲಿ ಆದದ್ದು ಅಪರೂಪ ಎನ್ನುತ್ತಾರೆ ಮೊದಲಿಗೆ. ಆಮೇಲೆ, ನೀನು ಎದೆಗುಂದದಿದ್ದರೆ ಇದು ದೊಡ್ಡ ವಿಷಯವೇ ಅಲ್ಲ ಎನ್ನುತ್ತಾರೆ. ಪ್ರಯತ್ನಕ್ಕೆ ಇಳಿದ ಮೇಲೆ ಗೆಲ್ಲಲೇಬೇಕು. ವಿದ್ಯಾಲಯದ ಮುಖ್ಯಸ್ಥರು ಕರುಣೆಯುಳ್ಳವರೇ ಇರಬೇಕು, ಹೋಗಿ ಭೇಟಿಯಾಗು, ಎಲ್ಲಿ ತೊಡಕಾಯಿತು, ಹೇಗೆ ದಾಟಬೇಕು ಎಂದು ಅವರೇ ತೋರಿಸುತ್ತಾರೆ. ಸುಲಭವಾಗಿ ಒಳಗೆ ಹೋದವರಿಗಿಂತ ನೀನು ಒಳ್ಳೆಯ ವಿದ್ವಾಂಸ ಆಗಲಾರೆ ಎಂಬುದಕ್ಕೆ ಈ ಸೋಲು ಸಾಕ್ಷಿಯಲ್ಲ. ಹೀಗೆ ಸಾಗುತ್ತದೆ ಪತ್ರ. ಹಿಂದಿನ ವರ್ಷವಷ್ಟೇ ಅವರ ಸ್ವಂತ ಮಗ ಅದೇ ಪರೀಕ್ಷೆಯಲ್ಲಿ ಹದಿನಾರು ವಿಷಯಗಳ ಪೈಕಿ ಹದಿನೈದರಲ್ಲಿ ಫೇಲಾಗಿದ್ದ. ತಾವೇ ಶಾಲೆಯಲ್ಲಿ ಕಲಿತದ್ದು ಎಲ್ಲ ಕೂಡಿಸಿದರೂ ಒಂದು ವರ್ಷ ಆಗದು ಎಂದು ಲಿಂಕನ್ ಬರೆದುಕೊಂಡಿದ್ದಾರೆ. ಅಂಥ ಮನುಷ್ಯ ಬರೆದ ಧೈರ್ಯದ ಮಾತು ಇದು.

ಇನ್ನೊಂದು, 1862ರ ಡಿಸೆಂಬರ್ 23ರದು. ಫ್ಯಾನಿ ಮೆಕಲ್ಲಫ್ ಎಂಬ ತರುಣಿಗೆ ಬರೆದದ್ದು. ಅವಳ ತಂದೆ ವಿಲಿಯಂ, ಲಿಂಕನ್ ವಕೀಲಿಕೆ ಮಾಡುತ್ತಿದ್ದ ದಿನಗಳಲ್ಲಿ ಬ್ಲೂಮಿಂಗ್ಟನ್ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆ ಸೇರಿ ಮಿಸಿಸಿಪ್ಪಿಯಲ್ಲಿ ಮಡಿದರು. ಮಗಳು ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬಾರದೆ ಕುಳಿತಿದ್ದಳು. ಹತ್ತು ದಿನಗಳ ಹಿಂದಷ್ಟೇ ಫ್ರೆಡರಿಕ್ಸ್‌ಬರ್ಗ್ ಕಾಳಗದಲ್ಲಿ ಉತ್ತರದ ಸೇನೆಯ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 12,000 ದಾಟಿತ್ತು. ಸಚಿವ ಸಂಪುಟದಲ್ಲಿ ಬಿಕ್ಕಟ್ಟು ಎದ್ದಿತ್ತು. ಗುಲಾಮರ ವಿಮೋಚನೆಯ ಘೋಷಣೆಗೆ ಸಹಿ ಹಾಕಲು ಒಂದು ವಾರವೂ ಚಿಲ್ಲರೆ ದಿನಗಳೂ ಉಳಿದಿದ್ದವು. ಹತ್ತು ತಿಂಗಳ ಹಿಂದೆ ವಿಲಿಯನ್ನು ಮಣ್ಣು ಮಾಡಿದ್ದರು. ಈ ಎಲ್ಲದರ ನಡುವೆ ಕುಳಿತು ಬರೆಯುತ್ತಾರೆ: ಎಳೆಯರಿಗೆ ದುಃಖ ಹೇಳದೆ ಕೇಳದೆ ಬಂದೆರಗುವುದರಿಂದ ಅದರ ಇರಿತ ಹೆಚ್ಚು, ಮುಂದೆಂದೂ ನೆಮ್ಮದಿ ಸಿಗದು ಎಂದು ನಿನಗೆ ಈಗ ಅನ್ನಿಸುತ್ತಿದೆ, ಅದು ತಪ್ಪು, ನಿನಗೆ ಮತ್ತೆ ಸುಖ ಬರುತ್ತದೆ, ನಾನು ಉಂಡು ಬಲ್ಲೆ.

ಇದನ್ನು ಬರೆದ ಮೂರನೆಯ ದಿನ, ಡಿಸೆಂಬರ್ 26ರಂದು, ಮಿನೆಸೋಟಾದ ಮ್ಯಾಂಕೇಟೊ ಊರಿನಲ್ಲಿ ಡಕೋಟ ಮೂಲನಿವಾಸಿಗಳ 38 ಮಂದಿಯನ್ನು ಒಂದೇ ಹೊತ್ತಿಗೆ ಗಲ್ಲಿಗೇರಿಸಿದರು. ಒಪ್ಪಿಗೆ ಲಿಂಕನ್ನರದೇ. ಗಲ್ಲಿಗೆ ಹೋಗಬೇಕಾದವರ ಹೆಸರುಗಳನ್ನು ತಮ್ಮ ಕೈಯಾರೆ ಬರೆದು ಕಳಿಸಿದ್ದರು. ಆ ವರ್ಷದ ಡಕೋಟ ದಂಗೆಯ ಬಳಿಕ ನಡೆದ ಸೇನಾ ವಿಚಾರಣೆ 303 ಮಂದಿಗೆ ಮರಣದಂಡನೆ ಕೊಟ್ಟಿತ್ತು. ಕೆಲವು ವಿಚಾರಣೆಗಳು ನಿಮಿಷಗಳಲ್ಲೇ ಮುಗಿದಿದ್ದವು. ಲಿಂಕನ್ ಕಡತಗಳನ್ನು ತರಿಸಿ ಒಂದೊಂದಾಗಿ ಪರಿಶೀಲನೆ ಮಾಡಿಸಿ ಬಹುಪಾಲು ಜನರ ಜೀವ ಉಳಿಸಿದರು, ಮಿನೆಸೋಟಾದ ಬಿಳಿಯರ ಸಿಟ್ಟನ್ನೂ ಕಟ್ಟಿಕೊಂಡರು. ಆದರೂ ಅಮೆರಿಕದ ಇತಿಹಾಸದ ಅತಿ ದೊಡ್ಡ ಸಾಮೂಹಿಕ ಗಲ್ಲು ಅದು. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಹೈಸ್ಕೂಲಿನ ಮಕ್ಕಳು ಫ್ಯಾನಿಗೆ ಬರೆದ ಪತ್ರವನ್ನೂ ಈ ಗಲ್ಲಿನ ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ಓದಲಿ, ಜಗಳವಾಡಲಿ. ನಕಲಿ ಪತ್ರದ ಲಿಂಕನ್ ಬರೀ ಸಂತ. ಆತನೊಡನೆ ಯಾವ ಮಗುವೂ ವಾದ ಮಾಡಲಾರದು.

ಕಳಿಸದೆ ಇಟ್ಟುಕೊಂಡ ಪತ್ರವೊಂದೂ ಇದೆ. 1863ರಲ್ಲಿ ಗೆಟಿಸ್‌ಬರ್ಗ್ ಕಾಳಗ ಗೆದ್ದ ಜನರಲ್ ಮೀಡ್, ಸೋತು ಹಿಂದೆ ಸರಿಯುತ್ತಿದ್ದ ಶತ್ರುಸೇನೆಯನ್ನು ನದಿ ದಾಟಿ ಹೋಗಲು ಬಿಟ್ಟರು. ಸಿಟ್ಟಿಗೆದ್ದ ಲಿಂಕನ್ ಕಟುವಾದ ಪತ್ರ ಬರೆದರು. ಆಮೇಲೆ ಲಕೋಟೆಗೆ ಹಾಕಿ, ಇದನ್ನು ಕಳಿಸಿಲ್ಲ, ಸಹಿಯನ್ನೂ ಹಾಕಿಲ್ಲ ಎಂದು ಮೇಲೆ ಬರೆದು ಎತ್ತಿಟ್ಟರು. ಸಿಟ್ಟು ಬಂದ ಕ್ಷಣದಲ್ಲೇ ಸಂದೇಶ ಒತ್ತಿ ಕಳಿಸುವ ನಾವು, ದೊಡ್ಡವರೇ, ಮೊದಲು ಓದಬೇಕಾದ್ದು ಇದನ್ನು.

ಪ್ರಜಾಪ್ರಭುತ್ವದ ಪಾಠ ಮಾಡುವ ಸಮಾಜ ವಿಜ್ಞಾನದ ಶಿಕ್ಷಕರಿಗೆ 1864ರ ಆಗಸ್ಟ್ 23ರ ಚೀಟಿಯನ್ನು ವಿಶೇಷವಾಗಿ ಕೊಡಬಯಸುತ್ತೇನೆ. ಯುದ್ಧ ಮುಗಿಯುವ ಲಕ್ಷಣವಿರಲಿಲ್ಲ, ಜನ ಬೇಸತ್ತಿದ್ದರು, ಚುನಾವಣೆ ಎದುರಿಗಿತ್ತು. ಈ ಸರ್ಕಾರ ಮತ್ತೆ ಆರಿಸಿ ಬರುವುದು ಅನುಮಾನ. ಸೋತರೆ ಗೆದ್ದವರ ಜೊತೆ ಸಹಕರಿಸಿ, ಅವರು ಅಧಿಕಾರ ವಹಿಸಿಕೊಳ್ಳುವುದರೊಳಗೆ ಒಕ್ಕೂಟವನ್ನು ಉಳಿಸುವುದು ನನ್ನ ಕರ್ತವ್ಯ ಎಂದು ಲಿಂಕನ್ ಬರೆದರು. ಕಾಗದ ಮಡಿಸಿ, ಒಳಗೇನಿದೆ ಎಂದು ತೋರಿಸದೆ ಮಂತ್ರಿಗಳಿಂದ ಹಿಂಬದಿಯಲ್ಲಿ ಸಹಿ ಹಾಕಿಸಿಕೊಂಡರು. ಎದುರಾಳಿ ಮೆಕ್ಲೆಲನ್, ಹಿಂದೆ ಲಿಂಕನ್ನರೇ ಸೇನಾ ನಾಯಕತ್ವದಿಂದ ಇಳಿಸಿದ್ದವರು. ದೇಶವೇ ಎರಡಾಗಿ ಹೊಡೆದಾಡುತ್ತಿದ್ದಾಗ ಮತದಾನ ಮುಂದೂಡಲು ನೆಪಕ್ಕೇನು ಬರ? ಮುಂದೂಡಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಂಡಾಯವೆದ್ದ ದಕ್ಷಿಣದವರ ಅಟ್ಲಾಂಟ ನಗರ ಕೈಗೆ ಬಂತು, ನವೆಂಬರ್ 8ರಂದು ಲಿಂಕನ್ ಗೆದ್ದರು. ಬಂಡಾಯವು ಚುನಾವಣೆಯನ್ನೇ ನಿಲ್ಲಿಸಿಬಿಟ್ಟಿದ್ದರೆ ಅದು ಆಗಲೇ ನಮ್ಮನ್ನು ಗೆದ್ದಂತಾಗುತ್ತಿತ್ತು ಎಂಬರ್ಥದ ಮಾತನ್ನು ಎರಡು ದಿನಗಳ ಬಳಿಕ ಶ್ವೇತಭವನದ ಮುಂದೆ ನೆರೆದ ಜನರಿಗೆ ಹೇಳಿದರು.

ಬ್ಯಾಸ್ಲರ್ ತಂದ ಆ ಎಂಟು ಸಂಪುಟಗಳನ್ನು ಮಿಷಿಗನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮ ಕನ್ನಡ ಕೂಟಗಳು ವರ್ಷಕ್ಕೆ ಹತ್ತು ಪತ್ರಗಳನ್ನು ತಿಳಿಗನ್ನಡಕ್ಕೆ ತಂದು, ತಾರೀಕು ಮತ್ತು ಸಂಪುಟದ ಹೆಸರಿನ ಸಮೇತ ನಮ್ಮ ಶಾಲೆಗಳಿಗೆ ಕಳಿಸಿಕೊಡಿ. ವಾಟ್ಸಾಪ್ ಗುಂಪುಗಳ ಅಡ್ಮಿನ್‌ಗಳೇ, ಹಳೆಯ ಪತ್ರ ಮತ್ತೆ ಬಂದಾಗ ಅದು ಲಿಂಕನ್ನರದಲ್ಲವೆಂದು ನಯವಾಗಿ ಒಂದು ಸಾಲು ಹಾಕಿ. ಶಾಲಾ ಸಂಚಿಕೆ ಅಚ್ಚು ಹಾಕಿಸುವವರೇ, ಕರಡು ತಿದ್ದುವಾಗ ಆ ಪುಟ ಕಂಡರೆ ತೆಗೆಸಿ.

ಶಿಕ್ಷಕ ಬಂಧುಗಳೇ, ಇಂಗ್ಲಿಷ್ ಮೇಷ್ಟ್ರೂ ಕನ್ನಡ ಮೇಷ್ಟ್ರೂ ಒಟ್ಟಿಗೆ ಕುಳಿತರೆ ಲೇಥಮ್‌ಗೆ ಬರೆದ ಪತ್ರದ ಅನುವಾದ ಒಂದು ಮಧ್ಯಾಹ್ನದ ಕೆಲಸ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವುದರೊಳಗೆ ಅದನ್ನು ಸಿದ್ಧಮಾಡಿಟ್ಟುಕೊಳ್ಳಿ. ಫೇಲಾಗಿ ಮನೆಯಿಂದ ಹೊರಗೆ ಬಾರದ ಮಕ್ಕಳ ಮನೆಗೆ ಅಂದೇ ಹೋಗಿ, ಅದನ್ನು ಓದಿ ಹೇಳಿ, ಮರುಪರೀಕ್ಷೆಯ ಅರ್ಜಿಯನ್ನೂ ಅಲ್ಲೇ ಕುಳಿತು ತುಂಬಿಸಿಕೊಂಡು ಬನ್ನಿ.