ಸೋಸಿದ ನೀರು, ಉಳಿದ ವಿಷ

ಹನಿ ನೀರಿನಲ್ಲಿಯೂ ಜೀವವುಂಟೆಂಬ ಶ್ರದ್ಧೆಯಿಂದ ಶ್ರಾವಕನು ನೀರನ್ನು ದಟ್ಟವಾದ ಬಟ್ಟೆಯಲ್ಲಿ ಸೋಸುತ್ತಾನೆ. ಸೋಸಿದ ಮಾತ್ರಕ್ಕೆ ಅವನ ಕರ್ತವ್ಯ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಅದೇ ಬಾವಿಯ ನೀರಿಗೆ ಮೆಲ್ಲನೆ ಮರಳಿಸಿದಾಗಲೇ ಗಾಲನವಿಧಿ ಪೂರ್ಣವಾಗುತ್ತದೆ. ಉಳಿದುದರ ಗತಿಯೇನೆಂದು ವಿಚಾರಿಸುವುದೂ ಧರ್ಮದ ಅಂಗವೆಂಬುದೇ ಇದರ ತಾತ್ಪರ್ಯ. ಮನೆಯಲ್ಲಿ ಈ ವಿಧಿಯನ್ನು ತಪ್ಪದೆ ಪಾಲಿಸುವ ಉದ್ಯಮಿಯು ಕಾರ್ಖಾನೆಯ ಹೊಸ್ತಿಲು ದಾಟಿದೊಡನೆ ಅದನ್ನು ಮರೆಯುವುದೇಕೆ?

ಬೀದರ ನಗರದ ಅಂಚಿನ ಕೊಳಾರ ಕೈಗಾರಿಕಾ ಪ್ರದೇಶದ ರಾಸಾಯನಿಕ ಘಟಕಗಳ ದುರ್ವಾಸನೆ, ತ್ಯಾಜ್ಯಜಲಗಳ ಬಗ್ಗೆ ಸುತ್ತಲಿನ ಜನ ವರ್ಷಗಳಿಂದ ದೂರುತ್ತ ಬಂದಿದ್ದಾರೆ. ಊರಿಗೆ ಕೀರ್ತಿ ತಂದ ಬಿದರಿ ಪಾತ್ರೆಯೂ ಸತು, ತಾಮ್ರಗಳ ಮಿಶ್ರಲೋಹದ್ದೇ. ಕೆತ್ತನೆಗೆ ಮುನ್ನ ಅದಕ್ಕೆ ಮೈಲುತುತ್ತದ ದ್ರಾವಣ ಸವರುವ ರೂಢಿಯುಂಟು. ಕುಶಲಕರ್ಮಿಯ ಬೋಗುಣಿಯ ನೀರು ಅಲ್ಪ, ದೊಡ್ಡ ಕಾರ್ಖಾನೆಯದು ಅಪಾರ. ಆದರೂ ನಿಯಮವೊಂದೇ. ಕರಗಿದ ಲೋಹ ಬಟ್ಟೆಗೆ ಸಿಕ್ಕದು, ಕುದಿಸಿದರೆ ಹೋಗದು. ಕುಡಿಯುವ ನೀರಿನಲ್ಲಿ ಲೀಟರಿಗೆ ಸೀಸವು 0.01, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದೆಂದು 2012ರ ಭಾರತೀಯ ಮಾನಕ ಐ.ಎಸ್. 10500 ವಿಧಿಸಿದೆ. ಇಷ್ಟು ಸೂಕ್ಷ್ಮವಾದ ಹಿಂಸೆ ಕಣ್ಣಿಗೂ ನಾಲಿಗೆಗೂ ಗೋಚರಿಸದು.

ಇದಕ್ಕೆ ವಿಜ್ಞಾನವು ಅಧಿಶೋಷಣೆಯೆಂಬ ಉಪಾಯವನ್ನು ತೋರಿದೆ. ಲೋಹದ ಕಣಗಳು ಇದ್ದಿಲು ಮೊದಲಾದ ವಸ್ತುಗಳ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಒಂದು ಗ್ರಾಂ ಸಕ್ರಿಯ ಇದ್ದಿಲಿನ ರಂಧ್ರಗಳ ಒಟ್ಟು ಮೇಲ್ಮೈ 500 ಚದರ ಮೀಟರನ್ನೂ ಮೀರಬಹುದು. ಕಬ್ಬಿನ ಸಿಪ್ಪೆ, ಬೇಳೆಕಾಳಿನ ಹೊಟ್ಟು ಸಹ ಸೀಸ, ತಾಮ್ರಗಳನ್ನು ಹಿಡಿಯಬಲ್ಲವೆಂದು ಪ್ರಯೋಗಾಲಯಗಳಲ್ಲಿ ಸಿದ್ಧವಾಗಿದೆ. ಭಾಲ್ಕಿಯ ಕಬ್ಬು, ಔರಾದಿನ ತೊಗರಿ ಇವೆಲ್ಲ ಕೈಯಳತೆಯಲ್ಲಿಯೇ ಇರುವಾಗ ವೆಚ್ಚದ ನೆಪವೂ ಪೂರ್ತಿ ನಿಲ್ಲುವುದಿಲ್ಲ.

ಆದರೆ ಶೋಧಕವನ್ನು ಕೂರಿಸಿದೊಡನೆ ಪಾಪ ಕಳೆಯಿತೆಂಬುದು ಆತ್ಮವಂಚನೆ. ಲೋಹ ನಾಶವಾಗಿಲ್ಲ, ನೀರಿನ ಖಾತೆಯಿಂದ ಹೊಟ್ಟಿನ ಖಾತೆಗೆ ವರ್ಗವಾಗಿದೆ. ಸಾಲವನ್ನು ಬೇರೆ ಪುಟಕ್ಕೆ ಬರೆದರೆ ತೀರಿತೆನ್ನುವ ವರ್ತಕನುಂಟೆ? ಹೊಟ್ಟಿನ ಧಾರಣಶಕ್ತಿಗೆ ಮಿತಿಯುಂಟು. ಅದು ತುಂಬಿದ ಮೇಲೆ ಲೋಹ ಹಾಗೆಯೇ ಹರಿದುಹೋಗುತ್ತದೆ. ಆಮ್ಲ ತಗುಲಿದರೆ ಅಂಟಿದ್ದೂ ಕಳಚುತ್ತದೆ. ಅಂಥ ಹೊಟ್ಟನ್ನು ತಿಪ್ಪೆಗೆಸೆದರೆ ಮಳೆನೀರು ಅದರ ವಿಷವನ್ನು ಹಳ್ಳಕ್ಕೂ, ಅಲ್ಲಿಂದ ಕಾರಂಜಾ, ಮಾಂಜ್ರಾ ನದಿಗಳಿಗೂ ಒಯ್ಯುತ್ತದೆ. ತೊಗರಿ ಹೊಟ್ಟು ದನದ ಮೇವೂ ಹೌದು. ವಿಷ ಹೀರಿದ ಹೊಟ್ಟು ಗೋದಲಿಗೆ ಸೇರಿದರೆ ಆ ಮೂಕಪ್ರಾಣಿಯ ಹಿಂಸೆಗೆ ಹೊಣೆ ಯಾರು?

ಆಗಮಗಳು ನಿಷೇಧಿಸಿದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದು. ವಿಷವನ್ನು ಮಾರಬಾರದಾದರೆ ಬಿಟ್ಟಿಯಾಗಿ ನೆರೆಯವರ ಬಾವಿಗೆ ಸುರಿಯಬಹುದೆ? ಜೈನಸಿದ್ಧಾಂತ ಮೊದಲು ಸಂವರವನ್ನು, ಬಳಿಕ ನಿರ್ಜರೆಯನ್ನು ಹೇಳುತ್ತದೆ. ಒಳಹರಿವನ್ನು ತಡೆಯದೆ ಸಂಚಿತವನ್ನು ಕಳೆಯುವುದು ವ್ಯರ್ಥ. ಉದ್ಯಮಿಯೂ ಮೊದಲು ಲೋಹದ ಬಳಕೆಯನ್ನೂ ಸೋರಿಕೆಯನ್ನೂ ತಗ್ಗಿಸಲಿ. ಅನಂತರ ಉಳಿದುದನ್ನು ಅಧಿಶೋಷಣೆಯಿಂದ ಹಿಡಿಯಲಿ. ಕೊನೆಗೆ ಲೋಹವನ್ನು ಮರಳಿ ಪಡೆಯಲಿ, ಇಲ್ಲವೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಒಪ್ಪಿಸಲಿ.

ಬಸದಿಗಳ ಧರ್ಮದರ್ಶಿಗಳೂ ಈ ಹೊಣೆಯಿಂದ ಹೊರತಲ್ಲ. ಶಿಲಾಫಲಕದಲ್ಲಿ ದಾನಿಯ ಹೆಸರು ಕೆತ್ತಿಸುವ ಮುನ್ನ ಅವರು ಒಂದು ಪ್ರಶ್ನೆ ಕೇಳಲಿ: ಶೋಧಕದಲ್ಲಿ ಉಳಿದುದು ಎಲ್ಲಿಗೆ ಹೋಯಿತು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ದಾನದ ಮೊತ್ತ ಎಷ್ಟೇ ದೊಡ್ಡದಿರಲಿ, ಅದರಿಂದ ನಡೆಯುವ ಅಭಿಷೇಕದ ಜಲ ಶುದ್ಧವೆನಿಸದು.